ಜಮೀನಿನ ಹಳೇ ದಾಖಲೆ ಹುಡುಕುವುದು, ಕೇಳಿ ಪಡೆಯುವುದು: ಶಿವಮೊಗ್ಗ ಸೀಮೆಯ ಹಳ್ಳಿಗಳಿಗೆ

ತಾಲ್ಲೂಕು ಕಚೇರಿಗೆ ಹೋಗಿ ‘ನಮ್ಮ ಜಮೀನಿನ ದಾಖಲೆ ಕೊಡಿ’ ಎಂದರೆ ಕೈಗೆ ಬರುವುದು ಪಹಣಿ (ಆರ್‌ಟಿಸಿ) ಒಂದೇ. ರೆಕಾರ್ಡ್ ರೂಮಿನಲ್ಲಿ ನಿಮ್ಮ ಜಮೀನಿನ ಹೆಸರಲ್ಲಿ ಯಾವ ಕಟ್ಟೂ ಇಲ್ಲ. ಅಲ್ಲಿರುವುದು ವಹಿಗಳು, ಕಡತಗಳು. ಅವನ್ನು ಜೋಡಿಸಿಟ್ಟಿರುವುದು ಊರು, ಸರ್ವೆ ಅಥವಾ ಕಡತದ ನಂಬರು, ವರ್ಷದ ಲೆಕ್ಕದಲ್ಲಿ. ಈ ಮೂರನ್ನು ಹೇಳಬಲ್ಲವರಿಗೆ ಕಾಗದ ಸಿಗುತ್ತದೆ, ಉಳಿದವರಿಗೆ ‘ಮುಂದಿನ ವಾರ ಬನ್ನಿ’ ಸಿಗುತ್ತದೆ. ಹಾಗಾಗಿ ಅರ್ಜಿ ಬರೆಯುವುದಕ್ಕಿಂತ ಅದಕ್ಕೆ ಮುಂಚಿನ ಕೆಲಸವೇ ಹೆಚ್ಚು.

ಮೊದಲು ಊರಿನ ಹೆಸರು. ಮಲೆನಾಡಿನಲ್ಲಿ ಮನೆಗಳು ಚದುರಿಕೊಂಡಿರುತ್ತವೆ. ಬಸ್ಸು ನಿಲ್ಲುವ ಊರು ಒಂದು, ಅಂಚೆ ಇನ್ನೊಂದು, ಕಂದಾಯ ಗ್ರಾಮ ಮತ್ತೊಂದು. ಮಜರೆಯ (ಕಂದಾಯ ಗ್ರಾಮಕ್ಕೆ ಸೇರಿದ ಸಣ್ಣ ಊರಿನ) ಹೆಸರು ಬರೆದ ಅರ್ಜಿ ಅಲ್ಲಿಗೇ ನಿಂತಿತು. ಪಹಣಿಯ ತಲೆಯಲ್ಲಿ ಅಚ್ಚಾಗಿರುವ ತಾಲ್ಲೂಕು, ಹೋಬಳಿ, ಗ್ರಾಮವನ್ನೇ ಅಕ್ಷರ ಬಿಡದೆ ಬರೆಯಿರಿ. ಹೊಸನಗರ ಸೀಮೆಯ ತೀರಾ ಹಳೇ ಕಾಗದಗಳಲ್ಲಿ ‘ನಗರ ತಾಲ್ಲೂಕು’ ಎಂದಿದ್ದರೆ ಬೇರೆ ಜಮೀನಿನದು ಎಂದು ಬದಿಗಿಡಬೇಡಿ.

ಇನ್ನು ಪಹಣಿ ಓದುವುದು. ಹೆಚ್ಚಿನವರು 9ನೇ ಕಾಲಂನಲ್ಲಿ ಹೆಸರು ನೋಡಿ ಮಡಚಿಡುತ್ತಾರೆ. ಹುಡುಕಾಟಕ್ಕೆ ಬೇಕಾದದ್ದು 10ನೇ ಕಾಲಂ: ಆ ಹೆಸರು ಯಾವ ಆಧಾರದ ಮೇಲೆ ಕೂತಿತು ಎಂಬುದು ಅಲ್ಲಿದೆ. ‘ಎಂ.ಆರ್. 4/1995-96’ ಎಂದಿದ್ದರೆ ಅದು ಮ್ಯುಟೇಶನ್ (ಹಕ್ಕು ಬದಲಾವಣೆ) ವಹಿಯ ಕ್ರಮಸಂಖ್ಯೆ ಮತ್ತು ವರ್ಷ. ‘ಐ.ಎಚ್.ಸಿ.’ ಎಂದಿದ್ದರೆ ಪೌತಿ, ಅಂದರೆ ವಾರಸಿನಿಂದ ಬಂದದ್ದು. 3ನೇ ಕಾಲಂನಲ್ಲಿ ವಿಸ್ತೀರ್ಣದ ಜೊತೆ ಖರಾಬು, ಅಂದರೆ ಸಾಗುವಳಿಗೆ ಲೆಕ್ಕ ಹಿಡಿಯದ ಜಾಗ, ಎಷ್ಟು ಎಂದು ನೋಡಿ. ‘ಬಿ’ ಖರಾಬು ದಾರಿ, ಹಳ್ಳದಂಥ ಸಾರ್ವಜನಿಕ ಉಪಯೋಗದ್ದು. 11ರಲ್ಲಿ ಸಾಲ, ಹಕ್ಕಿನ ಮೇಲಿನ ನಿರ್ಬಂಧ, 12ರಲ್ಲಿ ಸಾಗುವಳಿದಾರರು.

2000ದ ಸುಮಾರಿಗೆ ‘ಭೂಮಿ’ ಯೋಜನೆಯಲ್ಲಿ ಪಹಣಿ ಕಂಪ್ಯೂಟರಿಗೆ ಹೋಯಿತು. ಅದಕ್ಕಿಂತ ಹಿಂದಿನದಕ್ಕೆ ಕೈಬರಹದ ಪಹಣಿ ಬೇಕು. ಈಗಿನದರಿಂದ ಒಂದೊಂದೇ ಎಂ.ಆರ್. ಹಿಡಿದು ಹಿಂದೆ ಸರಿಯುತ್ತ ಹೋಗಿ. ಪ್ರತಿ ಎಂ.ಆರ್. ನಕಲಿನಲ್ಲೂ ಅದರ ಹಿಂದಿನ ಆಧಾರ ಇರುತ್ತದೆ: ಕ್ರಯಪತ್ರದ ನಂಬರು, ಪೌತಿ, ಮಂಜೂರಾತಿ ಆದೇಶ ಅಥವಾ ಗೇಣಿದಾರರ ಹಕ್ಕು ತೀರ್ಮಾನಿಸಿದ ಭೂ ನ್ಯಾಯಮಂಡಳಿಯ ತೀರ್ಪು. ಹೆಸರು ಬದಲಾಗಿದ್ದೂ ಎಂ.ಆರ್. ನಂಬರೇ ಇಲ್ಲದ ವರ್ಷ ಸಿಕ್ಕಿತೋ, ತಕರಾರಿನ ಬೇರು ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಆ ವರ್ಷದ ಹಿಂದುಮುಂದಿನ ಪಹಣಿಗಳನ್ನು ಬಿಡದೆ ತೆಗೆಸಿ.

ಯಾವ ಕಾಗದ ಎಲ್ಲಿ? ಹಳೇ ಪಹಣಿ, ಮ್ಯುಟೇಶನ್ ವಹಿ, ಇಂಡೆಕ್ಸ್ ಆಫ್ ಲ್ಯಾಂಡ್ಸ್ (ಜಮೀನುಗಳ ಸೂಚಿ), ದರಖಾಸ್ತು (ಸರ್ಕಾರಿ ಜಮೀನು ಮಂಜೂರಿಗೆ ಅರ್ಜಿ) ಮತ್ತು ಬಗರ್ ಹುಕುಂ (ಅನುಮತಿಯಿಲ್ಲದ ಸಾಗುವಳಿ ಸಕ್ರಮ) ಕಡತಗಳು ತಹಶೀಲ್ದಾರರ ಕಚೇರಿಯ ರೆಕಾರ್ಡ್ ರೂಮಿನಲ್ಲಿ. ಸಾಗುವಳಿ ಚೀಟಿ ಮಾತ್ರ ಕೈಯಲ್ಲಿದ್ದರೆ ಸಾಲದು. ಅದರ ಮೇಲಿರುವ ಕಡತ ಸಂಖ್ಯೆ ಹಿಡಿದು ಮಂಜೂರಾತಿಯ ಮೂಲ ಕಡತವನ್ನೇ ಕೇಳಿ. ಗೇಣಿದಾರರಾಗಿದ್ದವರ ಕುಟುಂಬಕ್ಕೆ ಬೇಕಾದವು ಮೂರು: 7ನೇ ನಮೂನೆಯ ಅರ್ಜಿ, ನ್ಯಾಯಮಂಡಳಿಯ ಆದೇಶ, ಅಧಿಭೋಗದ ಹಕ್ಕು ನೋಂದಾಯಿಸಿದ 10ನೇ ನಮೂನೆ. 7ನೇ ನಮೂನೆ ಹಾಕಲು 1979ರ ಜೂನ್ 30 ಕೊನೆಯ ದಿನವಾಗಿತ್ತು, ಆದ್ದರಿಂದ ಆ ಅರ್ಜಿಯನ್ನು ಹುಡುಕುವ ವರ್ಷಗಳು 1974ರಿಂದ 1979. ಆದೇಶ ಅದಕ್ಕಿಂತ ಎಷ್ಟೋ ವರ್ಷ ತಡವಾಗಿ ಬಂದಿರಬಹುದು.

ಅಳತೆಯ ಕಾಗದಗಳು ಭೂಮಾಪನ ಇಲಾಖೆಯವು: ಮೂಲ ಟಿಪ್ಪಣಿ (ಸರ್ವೆ ನಂಬರಿನ ಮೊದಲ ಅಳತೆ), ಹಿಸ್ಸಾ ಟಿಪ್ಪಣಿ (ಪಾಲುಗಳ ಅಳತೆ), ಆಕಾರ್‌ಬಂದ್ (ಸರ್ವೆ ನಂಬರುವಾರು ವಿಸ್ತೀರ್ಣ, ಕಂದಾಯದ ಪಟ್ಟಿ). ಗ್ರಾಮ ನಕಾಶೆಯನ್ನು ಇಲಾಖೆಯ ಜಾಲತಾಣದಿಂದಲೇ ಇಳಿಸಿಕೊಳ್ಳಬಹುದು. ಪಹಣಿಯ ವಿಸ್ತೀರ್ಣಕ್ಕೂ ಆಕಾರ್‌ಬಂದಿಗೂ ತಾಳೆಯಾಗದಿದ್ದರೆ ಮುಂದೆ ಪೋಡಿಯಾಗುವಾಗ, ಅಂದರೆ ಪಾಲು ಅಳೆದು ಬೇರೆ ನಂಬರು ಕೊಡುವಾಗ, ಕೆಲಸ ನಿಲ್ಲುತ್ತದೆ, ಈಗಲೇ ನೋಡಿಕೊಳ್ಳಿ. ದೊಡ್ಡ ಸರ್ಕಾರಿ ಸರ್ವೆ ನಂಬರಿನಲ್ಲಿ ಹಲವರಿಗೆ ಮಂಜೂರಾದ ಜಮೀನು ಪಹಣಿಯಲ್ಲಿ ‘ಪೈಕಿ’ ಎಂದೇ ಉಳಿದಿರುತ್ತದೆ. ಅಂಥಲ್ಲಿ ಸರ್ವೆ ನಂಬರು ಒಂದೇ ಬರೆದರೆ ಊರವರೆಲ್ಲರ ಕಡತ ಕೇಳಿದಂತೆ. ಮಂಜೂರುದಾರರ ಹೆಸರು, ಆದೇಶದ ದಿನಾಂಕ ಸೇರಿಸಿ.

ನೋಂದಣಿಯಾದ ಪತ್ರಗಳಿಗೆ ಉಪನೋಂದಣಾಧಿಕಾರಿ ಕಚೇರಿ. ಇತ್ತೀಚಿನ ವರ್ಷಗಳ ಋಣಭಾರ ಪತ್ರ, ಜನ ಕರೆಯುವ ಇ.ಸಿ., ‘ಕಾವೇರಿ’ ತಾಣದಲ್ಲೇ ಸಿಗುತ್ತದೆ. 2004ಕ್ಕಿಂತ ಹಿಂದಿನದಕ್ಕೆ ಕಚೇರಿಯಲ್ಲಿ ಸೂಚಿ ಪುಸ್ತಕ ತೆಗೆಸಬೇಕು. ವ್ಯವಹಾರ ಇದ್ದರೆ 15ನೇ ನಮೂನೆ, ಇಲ್ಲದಿದ್ದರೆ 16. ಇ.ಸಿ. ‘ನಿಲ್’ ಬಂತೆಂದು ನೆಮ್ಮದಿಯಾಗಿರಬೇಡಿ. ಪೌತಿ ಖಾತೆ, ಮಂಜೂರಾತಿ, ನ್ಯಾಯಮಂಡಳಿ ಆದೇಶ, ನೋಂದಣಿಯಾಗದ ಪಾಲುಪಟ್ಟಿ ಯಾವುದೂ ಅದರಲ್ಲಿ ಬರುವುದಿಲ್ಲ.

ಎ.ಸಿ. (ಉಪವಿಭಾಗಾಧಿಕಾರಿ) ಕೋರ್ಟಿಗೆ ಹೋದ ಕಡತ ತಾಲ್ಲೂಕಿಗೆ ಮರಳಿರದಿರಬಹುದು. ಸಾಗರ, ಹೊಸನಗರ, ಸೊರಬ, ಶಿಕಾರಿಪುರದವರಿಗೆ ಉಪವಿಭಾಗಾಧಿಕಾರಿ ಕಚೇರಿ ಸಾಗರದಲ್ಲಿ. ತೀರ್ಥಹಳ್ಳಿ, ಭದ್ರಾವತಿ, ಶಿವಮೊಗ್ಗದವರಿಗೆ ಶಿವಮೊಗ್ಗದಲ್ಲಿ. ಮನೆ ಜಾಗದ 9 ಮತ್ತು 11ನೇ ನಮೂನೆಗೆ ಗ್ರಾಮ ಪಂಚಾಯಿತಿ. ಕಾನು (ಊರಿನ ಕಾಡು), ಸೊಪ್ಪಿನಬೆಟ್ಟದ (ತೋಟಕ್ಕೆ ಸೊಪ್ಪು ತರುವ ಬೆಟ್ಟ) ವಿಷಯ ಬೇರೆ: 1964ರ ಭೂಕಂದಾಯ ಕಾಯ್ದೆಯ 79ನೇ ಕಲಂ ಅಲ್ಲಿ ಕೊಡುವುದು ಸವಲತ್ತು, ಮಾಲೀಕತ್ವವಲ್ಲ. ಅಂಥ ಜಾಗ ಅರಣ್ಯವೆಂದು ಅಧಿಸೂಚನೆಯಾಗಿದೆಯೇ ಎಂದು ಅರಣ್ಯ ಇಲಾಖೆಯಲ್ಲಿ ಕೇಳುವಾಗ ಅರಣ್ಯ ಕಾಯ್ದೆಯ ಸೆಕ್ಷನ್ 4 ಮತ್ತು ಸೆಕ್ಷನ್ 17 ಎರಡೂ ಅಧಿಸೂಚನೆಗಳನ್ನು ಗಡಿ ವಿವರದ ಸಮೇತ ಕೇಳಿ. ನಾಲ್ಕು ಎಂದರೆ ಘೋಷಿಸುವ ಉದ್ದೇಶ, ಹದಿನೇಳು ಎಂದರೆ ಘೋಷಣೆ ಮುಗಿದಂತೆ.

ಮೊದಲು ಹಾಕಬೇಕಾದದ್ದು ನಕಲು ಅರ್ಜಿ, ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಆಮೇಲೆ. ಕೋರ್ಟಿಗೆ ಬೇಕಾಗುವುದು ದೃಢೀಕೃತ ನಕಲು, ಅದನ್ನು ನಿಗದಿತ ಶುಲ್ಕ ಕಟ್ಟಿಸಿಕೊಂಡು ಕೊಡುವುದು ಕಚೇರಿಯ ಮಾಮೂಲು ಕೆಲಸ. ಎರಡು ಪ್ರತಿ ಒಯ್ದು, ಟಪಾಲು ವಿಭಾಗದಲ್ಲಿ ಒಂದರ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿ. ಬಾಯಿಮಾತಿನ ಕೋರಿಕೆಗೆ ಮುದ್ದತ್ತು ಇಲ್ಲ.

ಕಾಗದ ಬರಲಿಲ್ಲವೆಂದರೆ 2005ರ ಮಾಹಿತಿ ಹಕ್ಕು ಕಾಯ್ದೆ. ನಮೂನೆ ‘ಎ’, 10 ರೂಪಾಯಿ ಶುಲ್ಕ. ಪೋಸ್ಟಲ್ ಆರ್ಡರ್ ಆದರೆ ಅದರ ನಂಬರನ್ನು ಅರ್ಜಿಯಲ್ಲಿ ಬರೆಯಿರಿ. ಬಿಪಿಎಲ್ ಕುಟುಂಬಕ್ಕೆ ಅರ್ಜಿ ಶುಲ್ಕವಿಲ್ಲ, ಕಾರ್ಡಿನ ಪ್ರತಿ ಲಗತ್ತಿಸಿದರೆ ಆಯಿತು. ಎ4 ಪುಟಕ್ಕೆ 2 ರೂಪಾಯಿ. ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಗೆ ಒಂದೇ ವಿಷಯ. ಪಹಣಿ, ಪೋಡಿ, ರಸ್ತೆ ಒತ್ತುವರಿ ಎಲ್ಲ ಒಂದರಲ್ಲೇ ತುಂಬಿದ ಅರ್ಜಿಗಳು ವಾಪಸು ಬರುವುದು ಇದಕ್ಕೇ.

‘ಖಾತೆ ಯಾಕೆ ಬದಲಾಯಿಸಿದಿರಿ?’ ಎಂದು ಕೇಳಬೇಡಿ. ಯಾಕೆ ಎಂಬುದಕ್ಕೆ ಉತ್ತರ ಕೊಡುವ ಬಾಧ್ಯತೆ ಅವರಿಗಿಲ್ಲ. ಇರುವ ದಾಖಲೆ ಕೊಡುವ ಬಾಧ್ಯತೆಯಷ್ಟೇ. ಹೀಗೆ ಬರೆಯಿರಿ: ‘ಇಂಥ ಹೋಬಳಿ, ಇಂಥ ಗ್ರಾಮದ ಸರ್ವೆ ನಂ. ಇಂಥದ್ದಕ್ಕೆ ಸಂಬಂಧಿಸಿದ ಎಂ.ಆರ್. 4/1995-96ರ ಮ್ಯುಟೇಶನ್ ವಹಿಯ ಪುಟ, ಅದಕ್ಕೆ ಆಧಾರವಾದ ಆದೇಶ, ಕಡತದ ಟಿಪ್ಪಣಿ ಹಾಳೆಗಳ ದೃಢೀಕೃತ ಪ್ರತಿ ಕೊಡಿ.’ ನಂಬರು ಸಿಗದೇ ಹೋದಾಗ ಪ್ರತಿಗಿಂತ ಪರಿಶೀಲನೆ ಕೇಳುವುದು ಜಾಣತನ: ವಹಿಯನ್ನೇ ಕೂತು ನೋಡಿ, ಬೇಕಾದ ಪುಟ ಗುರುತಿಸಿ, ಅಷ್ಟಕ್ಕೇ ದುಡ್ಡು ಕಟ್ಟಬಹುದು. ಮುಟ್ಟಿದರೆ ಪುಡಿಯಾಗುವ ವಹಿಗೂ ಇದೇ ದಾರಿ.

ಉತ್ತರಕ್ಕೆ 30 ದಿನ. ಕಚೇರಿ ತಪ್ಪಾಗಿದ್ದರೆ ಅರ್ಜಿಯನ್ನು 5 ದಿನದೊಳಗೆ ಸರಿಯಾದ ಕಡೆ ವರ್ಗಾಯಿಸುವುದು ಅವರ ಕೆಲಸ, 6(3)ನೇ ಕಲಂ. ಶರಾವತಿ ಮುಳುಗಡೆಯ ಕುಟುಂಬಗಳಿಗೆ ಇದು ಬಹಳ ಉಪಯೋಗ. ಮುಳುಗಿದ ಊರಿನ ಕಡತ ಒಂದು ಕಡೆ, ಜಮೀನು ಕೊಟ್ಟ ಊರಿನದು ಇನ್ನೊಂದು ಕಡೆ ಇರುತ್ತದೆ, ಎರಡಕ್ಕೂ ಬೇರೆ ಬೇರೆ ಅರ್ಜಿ ಹಾಕಿ. 30 ದಿನ ಮೀರಿದರೆ ಪ್ರತಿಗಳನ್ನು ಪುಕ್ಕಟೆ ಕೊಡಬೇಕು. ಅಲ್ಲಿಂದ 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಅದರ ನಂತರ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯದು. ಮೇಲ್ಮನವಿ ಅಧಿಕಾರಿ ಯಾರೆಂದು ಕಚೇರಿಯ ಫಲಕದಲ್ಲಿರಬೇಕು.

‘ಕಡತ ಲಭ್ಯವಿಲ್ಲ’ ಎಂಬ ಹಿಂಬರಹ ಬಂದರೆ ಅದನ್ನು ಎಸೆಯಬೇಡಿ. ಕಡತ ಸಿಗುತ್ತಿಲ್ಲ ಎಂಬುದು ಕಾಯ್ದೆಯ 8ನೇ ಕಲಂ ಹೇಳುವ ವಿನಾಯಿತಿಗಳಲ್ಲಿ ಇಲ್ಲ. ಮೇಲ್ಮನವಿಯಲ್ಲಿ ರೆಕಾರ್ಡ್ ರೂಮಿನ ಕಡತ ಸಾಗಣೆ ವಹಿಯ ಆ ವರ್ಷದ ಪುಟ ಕೇಳಿ: ಕಡತ ಯಾರ ಸಹಿಗೆ, ಯಾವ ದಿನ ಹೊರಹೋಯಿತು ಎಂಬುದು ಅಲ್ಲಿರುತ್ತದೆ. ನಾಶಪಡಿಸಿದ್ದೇವೆ ಎಂದರೆ ನಾಶಪಡಿಸಿದ ಆದೇಶದ ಪ್ರತಿ ಕೇಳಿ. ಜೊತೆಗೆ ಅದೇ ಆದೇಶ ಬೇರೆಲ್ಲೆಲ್ಲಿ ಉಳಿದಿದೆ ಎಂದು ಯೋಚಿಸಿ: ಮಂಜೂರಾತಿಯದಾದರೆ ಅಳತೆ ಕಡತದಲ್ಲಿ, ಸಾಲಕ್ಕೆ ಇಟ್ಟಿದ್ದರೆ ಸಹಕಾರ ಸಂಘದ ಕಡತದಲ್ಲಿ, ದಾವೆ ನಡೆದಿದ್ದರೆ ನ್ಯಾಯಾಲಯದ ಕಟ್ಟಿನಲ್ಲಿ ಒಂದು ಪ್ರತಿ ಇರುವ ಸಾಧ್ಯತೆ ಇದೆ.