ಉಪ್ಪಿನ ಹರಳಿನಿಂದ ಚಿರೆಕಲ್ಲಿನವರೆಗೆ: ಪರಮಾಣುವಿನ ರಚನೆ ಬರೆಯುವ ಕ್ರಮ

ಗೋಕರ್ಣದ ಬಳಿಯ ಸಾಣಿಕಟ್ಟಾದ ಆಗರಗಳಲ್ಲಿ ಅಳಿವೆಯ ನೀರು ಬಿಸಿಲಿಗೆ ಆರಿ ಹರಳುಗಟ್ಟುವ ಉಪ್ಪಿನಲ್ಲಿ ಪ್ರಧಾನವಾಗಿ ಇರುವುದು ಸೋಡಿಯಂ ಮತ್ತು ಕ್ಲೋರಿನ್. ಪ್ರಥಮ ಪಿಯುಸಿಗೆ ಸೇರಿದ ವಿದ್ಯಾರ್ಥಿಗಳು ಈ ಎರಡು ಧಾತುಗಳ ಪರಮಾಣುಗಳನ್ನು ಕಾರಣ ಸಹಿತ ಬರೆಯಲು ಕಲಿತರೆ, ಉಳಿದವುಗಳ ವಿನ್ಯಾಸವನ್ನು ಬಾಯಿಪಾಠ ಮಾಡುವ ಕಷ್ಟ ಬಹುಪಾಲು ತಪ್ಪುತ್ತದೆ.

ಮೊದಲು ಆವರ್ತ ಕೋಷ್ಟಕದಲ್ಲಿ ಧಾತುವಿನ ಪರಮಾಣು ಸಂಖ್ಯೆಯನ್ನು ನೋಡಬೇಕು. ಅದು ಪ್ರೋಟಾನುಗಳ ಎಣಿಕೆ; ಸೋಡಿಯಂಗೆ 11, ಕ್ಲೋರಿನ್‌ಗೆ 17. ಎಲೆಕ್ಟ್ರಾನುಗಳು ಹೋಗಿ ಬರಬಹುದು, ನ್ಯೂಟ್ರಾನುಗಳು ಹೆಚ್ಚು ಕಡಿಮೆ ಇರಬಹುದು, ಆದರೆ ಪ್ರೋಟಾನುಗಳ ಸಂಖ್ಯೆ ಬದಲಾದರೆ ಧಾತುವೇ ಬೇರೆಯಾಗುತ್ತದೆ. ಆದ್ದರಿಂದಲೇ ಲೆಕ್ಕವನ್ನು ಯಾವಾಗಲೂ ಇಲ್ಲಿಂದ ಆರಂಭಿಸಬೇಕು. ಪ್ರೋಟಾನುಗಳಿರುವ ನ್ಯೂಕ್ಲಿಯಸ್ ಎಷ್ಟು ಚಿಕ್ಕದೆಂಬುದೂ ಮನಸ್ಸಿನಲ್ಲಿರಲಿ: 1911ರಲ್ಲಿ ರುದರ್‌ಫೋರ್ಡ್ ಮುಂದಿಟ್ಟ ಈ ನ್ಯೂಕ್ಲಿಯಸ್ಸನ್ನು ಒಂದು ಸೆಂಟಿಮೀಟರ್ ಅಗಲದ ಚಿಪ್ಪೆಂದು ಭಾವಿಸಿ ಕಾರವಾರದ ಕಡಲತೀರದ ಮರಳಿನಲ್ಲಿಟ್ಟರೆ, ಪರಮಾಣುವಿನ ಅಂಚು ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್ ದೂರದಲ್ಲಿರುತ್ತದೆ.

ಎರಡನೆಯದು ನ್ಯೂಟ್ರಾನುಗಳ ಎಣಿಕೆ. ರಾಶಿ ಸಂಖ್ಯೆಯಿಂದ, ಅಂದರೆ ಪ್ರೋಟಾನು ಮತ್ತು ನ್ಯೂಟ್ರಾನುಗಳ ಒಟ್ಟು ಎಣಿಕೆಯಿಂದ, ಪರಮಾಣು ಸಂಖ್ಯೆಯನ್ನು ಕಳೆದರೆ ಸಾಕು. ಸೋಡಿಯಂನಲ್ಲಿ 23ರಿಂದ 11 ಕಳೆದು 12. ಕ್ಲೋರಿನ್‌ಗೆ ಬಂದಾಗ ಅನೇಕರು ಕೋಷ್ಟಕದಲ್ಲಿರುವ 35.5ರಿಂದ 17 ಕಳೆದು ಹದಿನೆಂಟೂವರೆ ನ್ಯೂಟ್ರಾನ್ ಎಂದು ಬರೆದುಬಿಡುತ್ತಾರೆ. ಅರ್ಧ ನ್ಯೂಟ್ರಾನ್ ಇರಲಾರದು. ಕೋಷ್ಟಕದಲ್ಲಿರುವುದು ಸರಾಸರಿ: ನಿಸರ್ಗದ ಕ್ಲೋರಿನ್‌ನಲ್ಲಿ ಸರಿಸುಮಾರು ನಾಲ್ಕರಲ್ಲಿ ಮೂರು ಪರಮಾಣುಗಳ ರಾಶಿ ಸಂಖ್ಯೆ 35, ಒಂದರದು 37, ಮೂರು 35 ಮತ್ತು ಒಂದು 37 ಸೇರಿ 142, ಅದನ್ನು ನಾಲ್ಕರಿಂದ ಭಾಗಿಸಿದರೆ 35.5. ಈ ಎರಡು ಸಮಸ್ಥಾನಿಗಳಲ್ಲಿ, ಅಂದರೆ ಒಂದೇ ಧಾತುವಿನ ಬೇರೆ ಬೇರೆ ರಾಶಿ ಸಂಖ್ಯೆಯ ಪರಮಾಣುಗಳಲ್ಲಿ, ಕ್ರಮವಾಗಿ 18 ಮತ್ತು 20 ನ್ಯೂಟ್ರಾನುಗಳಿವೆ. ಕಾಳಿ ದಂಡೆಯ ಕೈಗಾ ಸ್ಥಾವರದಲ್ಲಿ ಬಳಸುವ ಭಾರಜಲದ ಭಾರವೂ ಹೀಗೆಯೇ ಬಂದದ್ದು: ಸಾಮಾನ್ಯ ಹೈಡ್ರೋಜನ್ನಿನ ನ್ಯೂಕ್ಲಿಯಸ್‌ನಲ್ಲಿ ನ್ಯೂಟ್ರಾನ್ ಇಲ್ಲ, ಭಾರಜಲದ ಡ್ಯೂಟೀರಿಯಂನಲ್ಲಿ ಒಂದಿದೆ.

ಮೂರನೆಯದಾಗಿ, ಪ್ರೋಟಾನುಗಳಷ್ಟೇ ಸಂಖ್ಯೆಯ ಎಲೆಕ್ಟ್ರಾನುಗಳನ್ನು ನ್ಯೂಕ್ಲಿಯಸ್ಸಿನ ಸುತ್ತಲಿನ ಕವಚಗಳಲ್ಲಿ ತುಂಬಬೇಕು. ಕವಚಗಳ ಮಟ್ಟದಲ್ಲಿ ಸೋಡಿಯಂ 2, 8, 1. ಕ್ಲೋರಿನ್ 2, 8, 7. ಕವಚಗಳ ಒಳವಿಭಾಗಗಳಾದ ಉಪಕವಚಗಳಲ್ಲಿ ಬರೆದರೆ ಸೋಡಿಯಂ 1ಎಸ್² 2ಎಸ್² 2ಪಿ⁶ 3ಎಸ್¹. ಎಸ್‌ನಲ್ಲಿ 2, ಪಿಯಲ್ಲಿ 6, ಡಿಯಲ್ಲಿ 10 ಎಲೆಕ್ಟ್ರಾನುಗಳಿಗೆ ಸ್ಥಳವಿದೆ. ಅಡಿಕೆ ತೋಟಕ್ಕೆ ಹಾಕುವ ಪೊಟ್ಯಾಷ್ ಗೊಬ್ಬರದ ಪೊಟ್ಯಾಸಿಯಂ ತಲುಪಿದಾಗ ತುಸು ನಿಲ್ಲಬೇಕು. ಮೂರನೆಯ ಕವಚದಲ್ಲಿ 18ಕ್ಕೆ ಸ್ಥಳವಿದ್ದರೂ ಅದರ ಹತ್ತೊಂಬತ್ತನೆಯ ಎಲೆಕ್ಟ್ರಾನ್ 3ಡಿಗೆ ಹೋಗದೆ, ಶಕ್ತಿ ಕಡಿಮೆ ಇರುವ 4ಎಸ್ ಸೇರುತ್ತದೆ. ವಿನ್ಯಾಸ 2, 8, 8, 1 ಆಗುವುದು ಇದರಿಂದಲೇ. ಕ್ರೋಮಿಯಂ ಮತ್ತು ತಾಮ್ರ ಈ ಕ್ರಮಕ್ಕೆ ಅಪವಾದಗಳು; ಎರಡರಲ್ಲೂ 4ಎಸ್‌ನಲ್ಲಿ ಒಂದೇ ಎಲೆಕ್ಟ್ರಾನ್ ಉಳಿಯುತ್ತದೆ.

ಕೊನೆಯದು ಅಯಾನುಗಳು, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡ ಅಥವಾ ಪಡೆದ ಪರಮಾಣುಗಳು. ಸೋಡಿಯಂ ಹೊರಗಿನ ಒಂದು ಎಲೆಕ್ಟ್ರಾನನ್ನು ಬಿಟ್ಟುಕೊಡುತ್ತದೆ, ಕ್ಲೋರಿನ್ ಅದನ್ನು ಪಡೆಯುತ್ತದೆ. ಎರಡರ ಹೊರಕವಚದಲ್ಲೂ ಎಂಟಾಗುತ್ತದೆ, ಉಪ್ಪಿನ ಹರಳಿನಲ್ಲಿರುವುದು ಈ ಅಯಾನುಗಳೇ. ಇಷ್ಟು ಸುಲಭ. ಕಬ್ಬಿಣದಲ್ಲಿ ಮಾತ್ರ ಚೆನ್ನಾಗಿ ಓದುವವರೂ ಎಡವುವುದುಂಟು. 26 ಎಲೆಕ್ಟ್ರಾನುಗಳ ಕಬ್ಬಿಣದ ವಿನ್ಯಾಸವು ಆರ್ಗಾನ್‌ನ 18ರ ಮೇಲೆ 3ಡಿ⁶ 4ಎಸ್². ಕೊನೆಗೆ ತುಂಬಿದ್ದು 3ಡಿ ಆದ್ದರಿಂದ ತೆಗೆಯುವಾಗಲೂ ಅಲ್ಲಿಂದಲೇ ಆರಂಭಿಸಬೇಕೆಂದು ತೋರುವುದು ಸಹಜ, ಆದರೆ ಅದು ತಪ್ಪು; ಅಯಾನಾಗುವಾಗ ಹೊರಗಿನ ನಾಲ್ಕನೆಯ ಕವಚದ ಎರಡು ಎಲೆಕ್ಟ್ರಾನುಗಳು ಮೊದಲು ಹೋಗುತ್ತವೆ. ಅನಂತರ 3ಡಿಯಿಂದ ಇನ್ನೊಂದು ಹೋದರೆ ಉಳಿಯುವುದು 3ಡಿ⁵. 3ಡಿಯಲ್ಲಿ ಎಲೆಕ್ಟ್ರಾನುಗಳಿರುವ ಐದು ಸ್ಥಾನಗಳಾದ ಆರ್ಬಿಟಲ್‌ಗಳಲ್ಲಿ ತಲಾ ಒಂದು. ಕರಾವಳಿಯ ಮನೆಗಳ ಗೋಡೆಗೆ ಬಳಸುವ ಚಿರೆಕಲ್ಲಿನ ಕೆಂಪಿಗೆ ಕಾರಣವಾದ ಆಕ್ಸೈಡ್‌ಗಳಲ್ಲಿ ಕಬ್ಬಿಣ ಇರುವುದು ಹೀಗೆ ಮೂರು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ರೂಪದಲ್ಲಿ.