ಗೇಮ್ ಆಡೋಕೆ 4ಕೆ ಟಿವಿ: ಎರಡನೇ ಸಲ ನಾನು ಆರಿಸಿದ್ದು ಹೀಗೆ

ಸುಮಾರು ಒಂದೂವರೆ ವರ್ಷ ನನ್ನ ಕೈಗೇ ವಯಸ್ಸಾಯ್ತು ಅಂದ್ಕೊಂಡಿದ್ದೆ. ಫೈಟಿಂಗ್ ಗೇಮಲ್ಲಿ ಬ್ಲಾಕ್ ಒತ್ತೋಷ್ಟ್ರಲ್ಲಿ ಏಟು ಬಿದ್ದಾಗಿರ್ತಿತ್ತು, ಫುಟ್‌ಬಾಲಲ್ಲಿ ಪಾಸ್ ಕೊಡೋ ಹೊತ್ತಿಗೆ ಕಾಲ ಹತ್ರ ಬಾಲೇ ಇರ್ತಿರ್ಲಿಲ್ಲ. ಕಂಟ್ರೋಲರ್ ಹಾಳಾಗಿದೆ ಅಂತ ಇನ್ನೊಂದು ತಗೊಂಡೆ, ಆಮೇಲೆ ಇಂಟರ್ನೆಟ್ ಸರಿ ಇಲ್ಲ ಅಂತ ಬೈದೆ, ಆಫ್‌ಲೈನ್ ಆಡುವಾಗ್ಲೂ ಬೈದಿದ್ದೀನಿ, ನಗ್ಬೇಡಿ. ಒಂದಿನ ತಮ್ಮ ಬಂದವನು ಹತ್ತು ನಿಮಿಷ ಆಡಿ ಕಂಟ್ರೋಲರ್ ಕೆಳಗಿಟ್ಟು ಟಿವಿ ರಿಮೋಟ್ ಎತ್ಕೊಂಡ. ಮೆನು ಒಳಗೆ ಹೋಗಿ ಏನೋ ಹುಡುಕಿ, "ಅಣ್ಣಾ, ವಯಸ್ಸು ಗಿಯಸ್ಸು ಏನೂ ಇಲ್ಲ ಕಣೋ, ಟಿವಿ ಗೇಮ್ ಮೋಡಲ್ಲೇ ಇಲ್ಲ" ಅಂದ.

ಅವನ ಮಾತು ನಂಬೋಕೆ ಮನಸ್ಸಾಗ್ಲಿಲ್ಲ, ಅದಕ್ಕೆ ಅಳತೆ ಮಾಡ್ದೆ. ಫೋನಲ್ಲಿ ಸ್ಲೋ ಮೋಷನ್ ವಿಡಿಯೋ ಸೆಕೆಂಡಿಗೆ 240 ಫ್ರೇಮ್ ಹಿಡಿಯುತ್ತೆ, ಅಂದ್ರೆ ಒಂದೊಂದು ಫ್ರೇಮೂ ನಾಲ್ಕು ಮಿಲಿಸೆಕೆಂಡಿಗಿಂತ ಸ್ವಲ್ಪ ಜಾಸ್ತಿ. ಕಂಟ್ರೋಲರ್ ಮತ್ತು ಟಿವಿ ಎರಡೂ ಒಂದೇ ಫ್ರೇಮಲ್ಲಿ ಬರೋ ಹಾಗೆ ಫೋನ್ ನಿಲ್ಲಿಸಿ, ಜಂಪ್ ಬಟನ್ ಒತ್ತಿದೆ. ಆಮೇಲೆ ವಿಡಿಯೋನ ಒಂದೊಂದೇ ಫ್ರೇಮ್ ಸರಿಸ್ತಾ, ಹೆಬ್ಬೆರಳು ಬಟನ್ ತಳ ಮುಟ್ಟಿದ್ದರಿಂದ ಹಿಡಿದು ಪರದೆ ಮೇಲಿನವನು ನೆಲ ಬಿಡೋ ತನಕ ಎಷ್ಟು ಫ್ರೇಮ್ ಅಂತ ಎಣಿಸ್ದೆ. ಗೇಮ್ ಮೋಡ್ ಇಲ್ದೆ 47, ಹಾಕಿದ್ಮೇಲೆ 23. ಅಂದ್ರೆ ಹೆಚ್ಚುಕಮ್ಮಿ 195 ಮಿಲಿಸೆಕೆಂಡ್ ಇದ್ದದ್ದು 95ಕ್ಕೆ ಇಳೀತು. ಇದ್ರಲ್ಲಿ ಗೇಮ್ ತಾನೇ ತಗೊಳ್ಳೋ ಸಮಯನೂ ಸೇರಿದೆ, ಅದನ್ನ ಟಿವಿ ಏನೂ ಮಾಡಕ್ಕಾಗಲ್ಲ. ಆದ್ರೆ ಮಧ್ಯದ ಆ ನೂರು ಮಿಲಿಸೆಕೆಂಡ್ ಪೂರ್ತಿ ಟಿವಿ ತಿಂದಿದ್ದು.

ಯಾಕೆ ತಿನ್ನುತ್ತೆ ಅಂದ್ರೆ, ಸಿನಿಮಾ ನೋಡುವಾಗ ಟಿವಿಗೆ ಅರ್ಜೆಂಟ್ ಏನೂ ಇರಲ್ಲ. ನಾಯ್ಸ್ ತೆಗೆಯೋದು, ಅಂಚು ಚೂಪು ಮಾಡೋದು, ಎರಡು ಫ್ರೇಮ್ ಮಧ್ಯೆ ತಾನೇ ಒಂದು ಹೊಸ ಫ್ರೇಮ್ ಹುಟ್ಟಿಸಿ ಚಲನೆ ನುಣುಪು ಮಾಡೋದು, ಇದೆಲ್ಲ ಮಾಡ್ತಾ ಕೂರುತ್ತೆ. ಮಧ್ಯದ ಫ್ರೇಮ್ ಹುಟ್ಟಿಸ್ಬೇಕು ಅಂದ್ರೆ ಮುಂದಿನ ಫ್ರೇಮ್ ಬರೋ ತನಕ ಕಾಯ್ಲೇಬೇಕಲ್ಲ, ಆ ಕಾಯೋದೇ ನಮ್ಮ ಕೈಗೆ ಲ್ಯಾಗ್ ಆಗಿ ಗೊತ್ತಾಗೋದು. ಗೇಮ್ ಮೋಡ್ ಈ ಕೆಲಸಗಳನ್ನೆಲ್ಲ ಬಿಟ್ಟು ಬಂದ ಚಿತ್ರನ ಹಾಗೇ ಪ್ಯಾನೆಲ್‌ಗೆ ದಾಟಿಸುತ್ತೆ.

ಲ್ಯಾಗ್ ಕಥೆ ಅಲ್ಲಿಗೆ ಮುಗೀತು, ಆದ್ರೆ ಆ ಕೆದಕಾಟದಲ್ಲಿ ಬೇರೆ ಹುಳುಕೂ ಹೊರಗೆ ಬಂತು. ಸೋನಿ ಗೇಮ್ ಕನ್ಸೋಲ್ ಪಿಎಸ್5ರ ಸೆಟ್ಟಿಂಗ್ಸಲ್ಲಿ ಸ್ಕ್ರೀನ್ ಆಂಡ್ ವಿಡಿಯೋ ಒಳಗೆ ವಿಡಿಯೋ ಔಟ್‌ಪುಟ್ ಇನ್ಫರ್ಮೇಷನ್ ಅಂತ ಒಂದು ಪುಟ ಇದೆ, ಈಗ ಯಾವ ಸಿಗ್ನಲ್ ಹೋಗ್ತಿದೆ, ಎದುರಿನ ಟಿವಿ ಏನೇನು ತಗೊಳ್ಳುತ್ತೆ ಅಂತ ಅಲ್ಲಿ ಮುಚ್ಚುಮರೆ ಇಲ್ದೆ ಬರುತ್ತೆ. ಎಕ್ಸ್‌ಬಾಕ್ಸಲ್ಲೂ 4ಕೆ ಟಿವಿ ಡೀಟೇಲ್ಸ್ ಅಂತ ಅಂಥದ್ದೇ ಪುಟ ಇದೆ. ನನ್ನ ಟಿವಿ ಬಾಕ್ಸ್ ಮೇಲೆ ದೊಡ್ಡದಾಗಿ 120 ಅಂತ ಇತ್ತು, ಕನ್ಸೋಲ್ ಪುಟದಲ್ಲಿ ನೋಡಿದ್ರೆ 60 ಹರ್ಟ್ಜ್ (ಸೆಕೆಂಡಿಗೆ 60 ಸಲ ಚಿತ್ರ ಬದಲಾಗೋದು) ಬಿಟ್ಟು ಮೇಲಕ್ಕೆ ಏನೂ ಇಲ್ಲ. ಬಾಕ್ಸಿನ ಆ 120 ಪ್ಯಾನೆಲ್‌ದಲ್ಲ, ಚಲನೆ ನುಣುಪು ಮಾಡೋ ಸಾಫ್ಟ್‌ವೇರಿಗೆ ಕಂಪನಿಯೋರು ತಾವೇ ಇಟ್ಕೊಂಡ ನಂಬರ್ರು. ನಂಬರಿನ ಮುಂದೆ ಹರ್ಟ್ಜ್ ಅಂತ ಬರೀದೆ ಮೋಷನ್, ರೇಟ್, ಕ್ಲಿಯರ್ ಅಂತೆಲ್ಲ ಪದ ಸೇರಿಸಿದ್ರೆ ಅನುಮಾನ ಪಡಿ.

ಇನ್ನೂ ಹೊಟ್ಟೆ ಉರಿದಿದ್ದು ಟೇಪ್ ಹಿಡಿದು ಅಳೆದಾಗ. ಸೋಫಾದಿಂದ ಪರದೆಗೆ 2.4 ಮೀಟರ್, ಟಿವಿ 43 ಇಂಚು. ಸರಿಯಾದ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಸಣ್ಣದನ್ನ ಬೇರೆ ಬೇರೆಯಾಗಿ ಗುರುತಿಸುತ್ತೆ ಅನ್ನೋದು ಸಾಮಾನ್ಯ ಲೆಕ್ಕ. ಅದರ ಪ್ರಕಾರ 43 ಇಂಚಲ್ಲಿ 1080, ಅಂದ್ರೆ ಫುಲ್ ಎಚ್‌ಡಿ, ಚಿತ್ರದ ಚುಕ್ಕೆಗಳೇ 1.7 ಮೀಟರ್ ದಾಟಿದ್ರೆ ಒಂದರೊಳಗೊಂದು ಕಲೆತು ಹೋಗ್ತವೆ. ಅಲ್ಲಿಗೆ 3840 ಗುಣಿಸು 2160, ಎಂಬತ್ತಮೂರು ಲಕ್ಷ ಚುಕ್ಕೆಗೆ ದುಡ್ಡು ಕೊಟ್ಟು ನಾನು ನೋಡ್ತಿದ್ದದ್ದು ಹಳೇ ಫುಲ್ ಎಚ್‌ಡಿಯಷ್ಟೇ. 4ಕೆ ಟಿವಿ ಇತ್ತು, 4ಕೆ ಕನ್ಸೋಲ್ ಇತ್ತು, ಸೋಫಾ ಮಾತ್ರ 4ಕೆ ಜಾಗದಲ್ಲಿ ಇರ್ಲಿಲ್ಲ.

ಹೊಸದು ತಗೊಳ್ಳೋದು ಅಂತ ತೀರ್ಮಾನ ಆದ್ಮೇಲೆ ಮೊದಲು ಮಾಡಿದ್ದೇ ಸೈಜ್ ಲೆಕ್ಕ. ನನ್ನ ದೂರಕ್ಕೆ 55ರಲ್ಲಿ 4ಕೆ ಮತ್ತು 1080 ವ್ಯತ್ಯಾಸ ಇನ್ನೂ ಅಂಚಿನಲ್ಲೇ ಇರುತ್ತೆ, 65ಕ್ಕೆ ಹೋದ್ರೆ ಕಣ್ಣಿಗೆ ಹತ್ತುತ್ತೆ. 65 ಇಂಚಿನ ಪರದೆ ಅಗಲ ಸುಮಾರು 144 ಸೆಂಟಿಮೀಟರ್, ಎತ್ತರ 81. ಹಳೇ ನ್ಯೂಸ್ ಪೇಪರ್ ಆ ಅಳತೆಗೆ ಅಂಟಿಸಿ ಗೋಡೆಗೆ ಹಾಕಿ ಎರಡು ದಿನ ಹಾಗೇ ಬಿಟ್ಟೆ. ಮನೇಲಿ ಎಲ್ಲರೂ ಏನಾಯ್ತು ನಿಂಗೆ ಅಂದ್ರು, ಆದ್ರೆ ಆಟದ ಮ್ಯಾಪು ಮೂಲೇಲಿರುತ್ತಲ್ಲ, ಅದನ್ನ ನೋಡೋಕೆ ಕತ್ತು ತಿರುಗಿಸ್ಬೇಕಾ ಅನ್ನೋದು ಪೇಪರಲ್ಲೇ ಗೊತ್ತಾಗಿಹೋಯ್ತು. ತಿರುಗಿಸೋದೇನೂ ಬೇಕಿರ್ಲಿಲ್ಲ. 8ಕೆ ಬಗ್ಗೆ ಒಬ್ರು ಸೇಲ್ಸ್‌ನೋರು ತುಂಬಾ ಹೇಳಿದ್ರು. ಕನ್ಸೋಲ್ ಗೇಮುಗಳು ಎಷ್ಟೋ ಸಲ 4ಕೆನೇ ಪೂರ್ತಿ ಬಿಡಿಸಲ್ಲ, ಕಮ್ಮಿ ಚುಕ್ಕೆಗಳಲ್ಲಿ ಬಿಡಿಸಿ ಆಮೇಲೆ ಹಿಗ್ಗಿಸ್ತವೆ, ಅದಕ್ಕೆ ಆ ಮಾತು ಅಲ್ಲೇ ಬಿಟ್ಟೆ.

120 ಹರ್ಟ್ಜ್ ನಿಜವಾಗ್ಲೂ ಬೇಕಾ ಅನ್ನೋದಕ್ಕೆ ಸ್ವಲ್ಪ ದಿನ ಒದ್ದಾಡಿದೆ, ಯಾಕಂದ್ರೆ ಸೆಕೆಂಡಿಗೆ 120 ಫ್ರೇಮ್ ಕೊಡೋ ಕನ್ಸೋಲ್ ಗೇಮುಗಳು ಕಮ್ಮಿನೇ. ನನ್ನ ಮನಸ್ಸು ಬದಲಾಯಿಸಿದ್ದು 40 ಫ್ರೇಮ್ ಮೋಡ್. 30ರಲ್ಲಿ ಒಂದು ಫ್ರೇಮ್ 33.3 ಮಿಲಿಸೆಕೆಂಡ್ ನಿಲ್ಲುತ್ತೆ, 60ರಲ್ಲಿ 16.7. ಇವೆರಡರ ನಡುಮಧ್ಯ 25, ಅಂದ್ರೆ 40 ಫ್ರೇಮ್, 45 ಅಲ್ಲ. ಗ್ರಾಫಿಕ್ಸ್ ಹೆಚ್ಚು ಕಮ್ಮಿ 30ರ ಮೋಡಿಂದೇ ಇರುತ್ತೆ, ಕೈಗೆ ಮಾತ್ರ ಎಷ್ಟೋ ಹಗುರ ಅನ್ಸುತ್ತೆ. 60 ಹರ್ಟ್ಜ್ ಟಿವಿಲಿ 40 ಸರಿಯಾಗಿ ಭಾಗ ಆಗಲ್ಲ, ಒಂದು ಫ್ರೇಮ್ ಒಂದು ಸಲ, ಇನ್ನೊಂದು ಎರಡು ಸಲ ತೋರಿಸ್ಬೇಕಾಗಿ ಕುಲುಕಾಟ ಬರುತ್ತೆ, 120ರಲ್ಲಾದ್ರೆ ಪ್ರತಿ ಫ್ರೇಮೂ ಸರಿಯಾಗಿ ಮೂರು ಸಲ. ಇದರ ಜೊತೆಗೆ ವಿಆರ್‌ಆರ್, ಅಂದ್ರೆ ಗೇಮ್ ಫ್ರೇಮ್ ಕೊಟ್ಟಾಗ್ಲೇ ಟಿವಿ ರಿಫ್ರೆಶ್ ಆಗೋದು. ಪಿಎಸ್5ಗೆ ಇದು 2022ರ ಏಪ್ರಿಲ್ ಅಪ್‌ಡೇಟಲ್ಲಿ ಬಂತು, 48ರಿಂದ 120ರ ಒಳಗೆ ಕೆಲಸ ಮಾಡುತ್ತೆ. 60 ಮುಟ್ಟೋಕೆ ಹೋಗಿ 52ಕ್ಕೆ ಜಾರೋ ಗೇಮಲ್ಲಿ ಆ ಜಾರಾಟ ಕಣ್ಣಿಗೆ ಬೀಳೋದೇ ಇಲ್ಲ. ನನ್ನ ಪ್ರಕಾರ ಇದು ರೆಸಲ್ಯೂಷನ್ನಿಗಿಂತ ದೊಡ್ಡ ಸುಖ.

ಈಗ ಪೋರ್ಟ್ ವಿಷ್ಯ, ಇಲ್ಲೇ ಜಾಸ್ತಿ ಜನ ಬೀಳೋದು. ಕನ್ಸೋಲಿಂದ ಟಿವಿಗೆ ಚಿತ್ರ, ಸದ್ದು ಒಯ್ಯೋ ಎಚ್‌ಡಿಎಂಐನ 2.0 ಆವೃತ್ತಿ ಸಾಗಿಸೋದು ಸೆಕೆಂಡಿಗೆ 18 ಗಿಗಾಬಿಟ್, 4ಕೆ 60 ತನಕ ಸಾಕು. 2.1ರ ಮೇಲ್ಮಿತಿ 48. ಹಾಗಂತ 2.1 ಅಂತ ಬರೆದಿದ್ರೆ ಆಯ್ತು ಅಂದ್ಕೋಬೇಡಿ, ಹೊಸ ನಿಯಮದಲ್ಲಿ 2.0 ಅನ್ನೋದೇ ಬೇರೆ ಇಲ್ಲ, ಎಲ್ಲಾ 2.1 ಒಳಗೇ ಸೇರ್ಕೊಂಡಿದೆ, ಅದರ ಫೀಚರ್‌ಗಳು ಆಪ್ಷನಲ್, 2021ರ ಕೊನೇಲಿ ಇದು ದೊಡ್ಡ ಸುದ್ದಿನೂ ಆಗಿತ್ತು. ಅದಕ್ಕೆ ನಾನು ಮ್ಯಾನುಯಲ್ ಡೌನ್‌ಲೋಡ್ ಮಾಡಿ, ಯಾವ ಪೋರ್ಟಲ್ಲಿ 4ಕೆ 120 ಹರ್ಟ್ಜ್ ತಗೊಳ್ಳುತ್ತೆ ಅಂತ ಸ್ಪಷ್ಟವಾಗಿ ಬರೆದಿದ್ಯಾ ನೋಡ್ದೆ. ಪಿಎಸ್5 ಕಳಿಸೋದೇ 32 ಗಿಗಾಬಿಟ್, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ 40, ಹಾಗಾಗಿ ಪೂರ್ತಿ 48 ಇಲ್ಲ ಅಂತ ನಿದ್ದೆ ಕೆಡಿಸ್ಕೊಳ್ಳೋದು ಬೇಡ. ನೋಡ್ಬೇಕಾದ್ದು ಅಂಥ ಪೋರ್ಟ್ ಎಷ್ಟಿವೆ ಅನ್ನೋದು. ಬಹಳಷ್ಟು ಟಿವಿಗಳಲ್ಲಿ ನಾಲ್ಕು ಪೋರ್ಟಲ್ಲಿ ಎರಡೇ ಇರ್ತವೆ, ಆ ಎರಡರಲ್ಲೂ ಒಂದು ಟಿವಿಯ ಸದ್ದನ್ನ ಸೌಂಡ್‌ಬಾರಿಗೆ ಕಳಿಸೋ ಇಆರ್ಕ್ ಪೋರ್ಟೇ ಆಗಿರುತ್ತೆ. ಎರಡು ಕನ್ಸೋಲ್ ಜೊತೆ ಸೌಂಡ್‌ಬಾರೂ ಇದ್ರೆ ಅಲ್ಲಿಗೆ ಲೆಕ್ಕ ತಪ್ಪಿತು. ನನ್ನ ಪಟ್ಟಿಯಿಂದ ಇಷ್ಟಕ್ಕೇ ಮೂರು ಮಾಡೆಲ್ ಹೊರಗೆ ಹೋದ್ವು.

ಪ್ಯಾನೆಲ್ ಆಯ್ಕೆಲಿ ಮನಸ್ಸು ಓಎಲ್‌ಇಡಿ ಮೇಲೆ ಇತ್ತು, ಸುಳ್ಳು ಹೇಳಲ್ಲ. ಸ್ನೇಹಿತನ ಮನೇಲಿ ಒಂದು ರಾತ್ರಿ ಪೂರ್ತಿ ಆಡಿದೆ. ಒಂದೊಂದು ಪಿಕ್ಸೆಲೂ ತಾನೇ ಬೆಳಗೋದು, ತಾನೇ ಆರೋದು, ಕತ್ತಲ ಗುಹೆ ಒಳಗೆ ಪಂಜು ಹಿಡ್ಕೊಂಡು ಹೋಗೋ ದೃಶ್ಯ ನೋಡಿದ್ರೆ ಎಲ್‌ಸಿಡಿ ಮೇಲೆ ವೈರಾಗ್ಯ ಬರುತ್ತೆ. ಆದ್ರೆ ನನ್ನ ಹಾಲಲ್ಲಿ ಟಿವಿ ಎದುರಿಗೇ ದೊಡ್ಡ ಕಿಟಕಿ, ನಾನು ಆಡೋದು ಜಾಸ್ತಿ ಹಗಲು ಹೊತ್ತು, ಅದೂ ವರ್ಷಪೂರ್ತಿ ಒಂದೇ ಫುಟ್‌ಬಾಲ್ ಗೇಮು, ಮೇಲಿನ ಮೂಲೆ ಸ್ಕೋರ್ ಪಟ್ಟಿ ಅಲ್ಲಾಡೋದೇ ಇಲ್ಲ. ಬರ್ನ್ ಇನ್, ಅಂದ್ರೆ ಅಲ್ಲಾಡದ ಚಿತ್ರದ ಗುರುತು ಪರದೆ ಮೇಲೆ ಕಾಯಂ ಉಳ್ಕೊಳ್ಳೋದು, ಈಗ ಮುಂಚಿನಷ್ಟು ಭಯ ಪಡೋ ವಿಷ್ಯ ಅಲ್ಲ ಅಂತಾರೆ, ಟಿವಿಗಳೇ ಅದಕ್ಕೆ ಕಾವಲು ಇಟ್ಕೊಂಡಿರ್ತವೆ, ಆದ್ರೂ ಒಂದೇ ಗುರುತು ದಿನಾ ಗಂಟೆಗಟ್ಟಲೆ ಒಂದೇ ಜಾಗದಲ್ಲಿ ಇರೋ ನನ್ನಂಥವನಿಗೇ ಅಪಾಯ ಜಾಸ್ತಿ. ಇನ್ನೊಂದು, 30 ಫ್ರೇಮ್ ಗೇಮುಗಳು ಓಎಲ್‌ಇಡಿಲಿ ಸ್ವಲ್ಪ ಜಾಸ್ತಿನೇ ತಡವರಿಸಿದ ಹಾಗೆ ಕಾಣ್ತವೆ, ಪಿಕ್ಸೆಲ್ ಅಷ್ಟು ಬೇಗ ಬದಲಾಗೋದ್ರಿಂದ ಎಲ್‌ಸಿಡಿಲಿ ಇರೋ ಮಸುಕಿನ ಆಸರೆ ಅಲ್ಲಿರಲ್ಲ. ಕಿಟಕಿಗೆ ದಪ್ಪ ಪರದೆ ಹಾಕಿದ್ದ, ರಾತ್ರಿ ಮಾತ್ರ ಆಡೋ ರೂಮಾಗಿದ್ರೆ ಕಣ್ಮುಚ್ಚಿ ಓಎಲ್‌ಇಡಿ ತಗೊಳ್ತಿದ್ದೆ.

ಹಾಗಾಗಿ ತಗೊಂಡಿದ್ದು ಮಿನಿ ಎಲ್‌ಇಡಿ, ಅಂದ್ರೆ ಹಿಂದೆ ಸಣ್ಣ ಸಣ್ಣ ಎಲ್‌ಇಡಿ ದೀಪ ಇರೋ ಎಲ್‌ಸಿಡಿನೇ, ಅದ್ರಲ್ಲಿ ವಿಎ ಅನ್ನೋ ಥರದ ಪ್ಯಾನೆಲ್. ಎದುರಿಗೇ ಕೂರೋನಿಗೆ ವಿಎ ಕಪ್ಪು ಚೆನ್ನಾಗಿರುತ್ತೆ, ಪಕ್ಕದಿಂದ ನೋಡಿದ್ರೆ ಬಣ್ಣ ಪೇಲವ, ನಾಲ್ಕು ಜನ ಅಕ್ಕಪಕ್ಕ ಕೂತು ಆಡೋ ಮನೆಯಾದ್ರೆ ಐಪಿಎಸ್ ಅನ್ನೋ ಇನ್ನೊಂದು ಥರದ ಪ್ಯಾನೆಲ್ ನೋಡ್ಬಹುದು, ಅದರಲ್ಲಿ ಕಪ್ಪು ಬೂದಿ ಬಣ್ಣಕ್ಕೆ ತಿರುಗುತ್ತೆ ಅಷ್ಟೇ. ಅಂಗಡಿಲಿ ನೋಡುವಾಗ ಟಿವಿ ಶೋರೂಮ್ ಮೋಡಲ್ಲಿ ಕಣ್ಣು ಕುಕ್ತಿರುತ್ತೆ, ಹೋಮ್ ಮೋಡಿಗೆ ಹಾಕಿಸಿ, ಆಮೇಲೆ ಗೇಮ್ ಮೋಡಿಗೂ ಹಾಕಿಸಿ ನೋಡಿ ಅಂತ ನನ್ನ ಬಿನ್ನಹ. ಕೆಲವು ಟಿವಿಗಳಲ್ಲಿ ಗೇಮ್ ಮೋಡ್ ಹಾಕಿದ ಕೂಡ್ಲೇ ಲೋಕಲ್ ಡಿಮ್ಮಿಂಗ್ (ಕತ್ತಲಿರೋ ಜಾಗದ ಹಿಂದಿನ ದೀಪ ಮಾತ್ರ ತಗ್ಗಿಸೋದು) ಸೋಮಾರಿ ಆಗ್ಬಿಡುತ್ತೆ, ಒಂದು ಮಾಡೆಲ್‌ನಲ್ಲಿ ಇದನ್ನ ಕಣ್ಣಾರೆ ನೋಡಿ ಬಿಟ್ಟು ಬಂದೆ.

ಮನೆಗೆ ತಂದ ದಿನ ಮತ್ತೆ 60 ಹರ್ಟ್ಜ್! ಎದೆ ಧಸಕ್ ಅಂತು. ನೋಡಿದ್ರೆ ಎಷ್ಟೋ ಟಿವಿಗಳು ಪೋರ್ಟ್‌ನ ಪೂರ್ತಿ ವೇಗನ ಫ್ಯಾಕ್ಟರಿಯಿಂದ ಆಫ್ ಮಾಡೇ ಕಳಿಸ್ತವೆ. ಒಂದು ಕಂಪನಿ ಅದನ್ನ ಡೀಪ್ ಕಲರ್ ಅನ್ನುತ್ತೆ, ಇನ್ನೊಂದು ಇನ್‌ಪುಟ್ ಸಿಗ್ನಲ್ ಪ್ಲಸ್, ಮತ್ತೊಂದು ಎನ್‌ಹಾನ್ಸ್‌ಡ್ ಫಾರ್ಮ್ಯಾಟ್. ಕನ್ಸೋಲ್ ಸಿಕ್ಕಿಸಿದ ಪೋರ್ಟಿಗೆ ಅದನ್ನ ಆನ್ ಮಾಡಿದ್ಮೇಲೆ 120 ಬಂತು, ಬಂದು ಹತ್ತು ನಿಮಿಷಕ್ಕೊಂದು ಸಲ ಪರದೆ ಕಪ್ಪಾಗೋಕೆ ಶುರುವಾಯ್ತು. ತಪ್ಪು ನಂದೇ, ಅಚ್ಚುಕಟ್ಟಾಗಿ ಕಾಣ್ಲಿ ಅಂತ ಹಳೇ ಐದು ಮೀಟರ್ ಕೇಬಲ್ ಗೋಡೆ ಗುಂಟ ಎಳೆದಿದ್ದೆ. ಕನ್ಸೋಲ್ ಜೊತೆ ಬಂದ ಕೇಬಲ್ ಹಾಕಿದೆ, ನಿಂತೋಯ್ತು. ಬೇರೆ ಬೇಕಿದ್ರೆ ಅಲ್ಟ್ರಾ ಹೈ ಸ್ಪೀಡ್ ಅಂತ ಸ್ಕ್ಯಾನ್ ಮಾಡೋ ಸ್ಟಿಕ್ಕರ್ ಇರೋದೇ ತಗೊಳ್ಳಿ, ಆದಷ್ಟು ಗಿಡ್ಡದು.

ಎಚ್‌ಡಿಆರ್, ಅಂದ್ರೆ ತುಂಬಾ ಹೊಳೆಯೋ ಜಾಗ, ತುಂಬಾ ಕತ್ತಲ ಜಾಗ ಎರಡರಲ್ಲೂ ವಿವರ ತೋರಿಸೋದು, ಅದನ್ನ ಸರಿ ಮಾಡೋಕೆ ಒಂದು ಸಂಜೆ ಹೋಯ್ತು. ಟಿವಿಲಿ ಟೋನ್ ಮ್ಯಾಪಿಂಗ್ (ಬಂದ ಹೊಳಪನ್ನ ಟಿವಿ ತನ್ನ ಮಿತಿಗೆ ಹೊಂದಿಸೋದು) ಜಾಗದಲ್ಲಿ, ಆ ಕೆಲಸನ ಕನ್ಸೋಲಿಗೇ ಬಿಡೋ ಎಚ್‌ಜಿಐಜಿ ಅಂತ ಆಯ್ಕೆ ಇದ್ರೆ ಮೊದಲು ಅದನ್ನ ಹಾಕಿ, ಆಮೇಲೆ ಕನ್ಸೋಲ್‌ನ ಎಚ್‌ಡಿಆರ್ ಅಡ್ಜಸ್ಟ್‌ಮೆಂಟ್ ಮಾಡ್ಬೇಕು. ನಾನು ಉಲ್ಟಾ ಮಾಡಿ, ಆಕಾಶದಲ್ಲಿ ಮೋಡನೇ ಇಲ್ದೆ ಬರೀ ಬಿಳಿ ನೋಡ್ತಾ ಕೂತಿದ್ದೆ. ಟಿವಿ ಎಷ್ಟು ಹೊಳಪು ತಡ್ಕೊಳ್ಳುತ್ತೆ ಅಂತ ಕನ್ಸೋಲ್‌ಗೆ ತಿಳಿಯೋದೇ ಆ ಪರೀಕ್ಷೆಯಿಂದ, ಟಿವಿ ಮಧ್ಯ ಬಾಯಿ ಹಾಕಿದ್ರೆ ಇಬ್ರೂ ಸೇರಿ ಚಿತ್ರ ಕೆಡಿಸ್ತಾರೆ.

ಮತ್ತೆ ಫೋನ್ ಹಿಡಿದು ಎಣಿಸ್ದೆ. ಅದೇ ಗೇಮು, 60ರಲ್ಲಿ 20 ಫ್ರೇಮ್, ಅದರ 120 ಮೋಡಲ್ಲಿ 14, ಅಂದ್ರೆ 60 ಮಿಲಿಸೆಕೆಂಡ್ ಒಳಗೆ. ಖುಷಿ ಆಯ್ತು, ಆದ್ರೆ ಚಿತ್ರ ಮುಂದೆ ಓಡಿ ಸದ್ದು ಹಿಂದೆ ಉಳೀತು, ಒದ್ದ ಮೇಲೆ ಬಾಲಿನ ಸದ್ದು. ಟಿವಿಯಿಂದ ಸೌಂಡ್‌ಬಾರಿಗೆ ಹೋಗೋ ಆಡಿಯೋನ ಬಿಟ್‌ಸ್ಟ್ರೀಮಿಂದ (ಒತ್ತಿ ಸಣ್ಣದು ಮಾಡಿದ ಸದ್ದು, ಸೌಂಡ್‌ಬಾರ್ ಬಿಚ್ಚಿಕೊಳ್ಬೇಕು) ಪಿಸಿಎಂಗೆ (ಬಿಚ್ಚೋದೇ ಬೇಡದ ನೇರ ಸದ್ದು) ಬದಲಾಯಿಸಿದ್ಮೇಲೆ ಅದು ಸರಿಹೋಯ್ತು, ಸುತ್ತಲೂ ಬರ್ತಿದ್ದ ಸದ್ದು ಕಮ್ಮಿ ಆಯ್ತು, ಅದನ್ನ ಒಪ್ಕೊಂಡೆ. ಸರಿಹೋಗದೆ ಉಳಿದಿರೋದು ಒಂದೇ, ಕತ್ತಲ ದೃಶ್ಯದಲ್ಲಿ ಬಿಳಿ ಸಬ್‌ಟೈಟಲ್ ಸುತ್ತ ಮಂಜು ಕವಿದ ಹಾಗೆ ಬೆಳಕು. ಬ್ಯಾಕ್‌ಲೈಟ್ ವಲಯ ವಲಯವಾಗಿ ಬೆಳಗೋ ಟಿವಿಲಿ ಅದು ಇರೋದೇ. ಗೇಮಲ್ಲಿ ಆಯ್ಕೆ ಇದ್ದ ಕಡೆ ಅಕ್ಷರದ ಬಣ್ಣ ಬೂದಿ ಮಾಡ್ಕೊಂಡಿದ್ದೀನಿ, ಇಲ್ದಿರೋ ಕಡೆ ಸಬ್‌ಟೈಟಲ್ಲೇ ಆಫ್.