ರಿಯಾಜಿಗೆ (ಗಾಯನದ ಅಭ್ಯಾಸಕ್ಕೆ) ಬೇಕಾದ ಹಾಡನ್ನು ಕೊಳ್ಳುವುದು ಹೇಗೆ?

ಧಾರವಾಡದಲ್ಲಿ ಹಿಂದೂಸ್ತಾನಿ ಗಾಯನ ಹೇಳಿಕೊಡುವವಳು ನಾನು. ಮತ್ತೆ ಮತ್ತೆ ಕೇಳಿ ಕಲಿಯಬೇಕಾದ ರೆಕಾರ್ಡಿಂಗನ್ನು ದುಡ್ಡು ಕೊಟ್ಟು ಕೊಂಡುಬಿಡಿ ಅಂತ ಶಿಷ್ಯರಿಗೆ ಮೊದಲೇ ಹೇಳುತ್ತೇನೆ. ಸ್ಟ್ರೀಮಿಂಗ್ ಆ್ಯಪ್‌ನಲ್ಲಿ ‘ಡೌನ್‌ಲೋಡ್’ ಒತ್ತಿದ ಮಾತ್ರಕ್ಕೆ ಹಾಡು ನಿಮ್ಮದಾಗುವುದಿಲ್ಲ. ಅದಕ್ಕೆ ಡಿಆರ್‌ಎಂ ಎಂಬ ಬೀಗ ಇರುತ್ತದೆ. ಆ ಆ್ಯಪ್ ಬಿಟ್ಟು ಬೇರೆಲ್ಲೂ ನುಡಿಯುವುದಿಲ್ಲ. ಚಂದಾ ನಿಂತರೆ ಅಲ್ಲೂ ಇಲ್ಲ.

ಬೀಗವಿಲ್ಲದ ಫೈಲ್ ಬೇಕಾದರೆ ಮೊದಲು ಬ್ಯಾಂಡ್‌ಕ್ಯಾಂಪ್ ಎಂಬ, ಹಾಡು ಮಾರುವ ವಿದೇಶಿ ವೆಬ್‌ಸೈಟ್ ನೋಡಿ. ಒಮ್ಮೆ ಕೊಂಡರೆ ಎಂಪಿ3, ಫ್ಲ್ಯಾಕ್, ವೇವ್ ಯಾವ ಬಗೆಯ ಫೈಲ್ ಆಗಿ ಬೇಕಾದರೂ ಇಳಿಸಿಕೊಳ್ಳಬಹುದು. ಪೇಮೆಂಟ್ ಆಗದಿದ್ದರೆ ಕಾರ್ಡಿನಲ್ಲಿ ಇಂಟರ್‌ನ್ಯಾಷನಲ್ ವ್ಯವಹಾರ ಆನ್ ಇದೆಯಾ ಅಂತ ಬ್ಯಾಂಕ್ ಆ್ಯಪ್‌ನಲ್ಲಿ ನೋಡಿ. ಐಟ್ಯೂನ್ಸ್ ಸ್ಟೋರ್‌ನಲ್ಲಿ ಕೊಳ್ಳುವ ಹಾಡುಗಳಿಗೂ 2009ರಿಂದ ಬೀಗವಿಲ್ಲ, 256 ಕೆಬಿಪಿಎಸ್‌ನ (ಸೆಕೆಂಡಿಗೆ ಎಷ್ಟು ಕಿಲೋಬಿಟ್ ಎಂಬ ಅಳತೆ, ಕಡಿಮೆಯಾದಷ್ಟೂ ಧ್ವನಿ ಕೆಡುತ್ತದೆ) ಎಎಸಿ ಎಂಬ, ಎಂಪಿ3ಯಂಥದೇ ಫೈಲ್ ಸಿಗುತ್ತದೆ. ಆಪಲ್ ಮ್ಯೂಸಿಕ್ ಚಂದಾ ಬೇರೆ, ಅದಕ್ಕೆ ಬೀಗ ಇದೆ. ಮಲ್ಲಿಕಾರ್ಜುನ ಮನ್ಸೂರರದೋ ಗಂಗೂಬಾಯಿ ಹಾನಗಲ್ ಅವರದೋ ಹಳೇ ಸಿಡಿ ಎಲ್ಲಾದರೂ ಸಿಕ್ಕರೆ ಬಿಡಬೇಡಿ. ಅದಕ್ಕಿಂತ ಒಳ್ಳೇ ಮೂಲ ನಮಗೆ ಸಿಗುವುದು ಕಷ್ಟ.

ಸಿಡಿಯ ಧ್ವನಿ ನಿಮಿಷಕ್ಕೆ ಸುಮಾರು 10 ಎಂಬಿ. ಫ್ಲ್ಯಾಕ್ ಅದನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತದೆ, ಏನನ್ನೂ ಕಳೆಯುವುದಿಲ್ಲ. ಎಂಪಿ3 ಹಾಗಲ್ಲ. ಕಿವಿಗೆ ಗೊತ್ತಾಗಲಿಕ್ಕಿಲ್ಲ ಅಂತ ಲೆಕ್ಕ ಹಾಕಿ ಒಂದಿಷ್ಟನ್ನು ತೆಗೆದುಹಾಕುತ್ತದೆ. 320 ಕೆಬಿಪಿಎಸ್ ಇದ್ದರೆ ನನಗೂ ವ್ಯತ್ಯಾಸ ಗೊತ್ತಾಗುವುದು ಅಪರೂಪ. ಆದರೆ 96ಕ್ಕೋ 64ಕ್ಕೋ ಇಳಿಸಿದ ಫೈಲ್‌ನಲ್ಲಿ ಸುಮ್ನೆ ತಂಬೂರಿಯನ್ನಷ್ಟೇ ಕೇಳಿ. ತಂತಿ ಮೀಟಿದ ಮೇಲೆ ಜವಾರಿಯಿಂದ (ತಂತಿ ಕೂರುವ ಕುದುರೆಯ ಹದದಿಂದ) ಏಳುವ ಝೇಂಕಾರ ನೀರೊಳಗಿಂದ ಬಂದಂತೆ ಕಲಕಿಹೋಗಿರುತ್ತದೆ. ಶ್ರುತಿ ಹಿಡಿಯಲು ಕಲಿಯುವ ಮಕ್ಕಳಿಗೆ ಬೇಕಾದದ್ದೇ ಆ ಝೇಂಕಾರ, ಅಲ್ವಾ? ಇನ್ನೊಂದು ತೊಂದರೆಯೂ ಇದೆ. ಒಂದೇ ರಾಗದ ವಿಲಂಬಿತ್ (ನಿಧಾನ ಲಯದ ಭಾಗ), ದ್ರುತ್ (ವೇಗದ ಭಾಗ) ಎರಡು ಟ್ರ್ಯಾಕ್ ಆಗಿದ್ದರೆ ಎಂಪಿ3ಯಲ್ಲಿ ನಡುವೆ ಸಣ್ಣ ಮೌನ ಬಂದು ಠೇಕಾ, ಅಂದರೆ ತಬಲಾದ ತಾಳದ ನಡೆ, ಕಡಿದುಹೋಗಬಹುದು.

ಹಾಗಾಗಿ ಫ್ಲ್ಯಾಕ್ ಕೊಂಡು ಎರಡು ಹಾರ್ಡ್ ಡಿಸ್ಕ್‌ಗಳಲ್ಲಿ ಇಡಿ. ಮೊಬೈಲ್‌ಗೆ ಅದರಿಂದಲೇ ಎಂಪಿ3 ಮಾಡಿಕೊಳ್ಳಿ. ಎಂಪಿ3ಯನ್ನು ತಿರುಗಿ ಫ್ಲ್ಯಾಕ್ ಮಾಡಿದರೆ ಸೈಜ್ ಜಾಸ್ತಿಯಾಗುತ್ತದೆ, ಹೋದ ಧ್ವನಿ ಬರುವುದಿಲ್ಲ. ಕೊಂಡ ಫ್ಲ್ಯಾಕ್ ಅಸಲಿಯೇ ಅಂತ ಅನುಮಾನ ಬಂದರೆ ಸ್ಪೆಕ್ ಎಂಬ ಉಚಿತ ಪ್ರೋಗ್ರಾಂನಲ್ಲಿ ಫೈಲ್ ತೆರೆಯಿರಿ. ಧ್ವನಿಯ ಕಂಪನಗಳು ಎಷ್ಟು ಮೇಲಿನವರೆಗೆ ಇವೆ ಅಂತ ಅದು ತೋರಿಸುವ ಚಿತ್ರ 16 ಕಿಲೋಹರ್ಟ್ಸ್ ಹತ್ತಿರ ಗೆರೆ ಎಳೆದಂತೆ ನಿಂತುಹೋಗಿದ್ದರೆ, ಹಿಂದೆ ಎಂಪಿ3 ಆಗಿದ್ದ ಫೈಲ್ ಇರಬಹುದು. ಹಳೇ 78 ಆರ್‌ಪಿಎಂ ಪ್ಲೇಟಿನ ಹಾಡುಗಳಿಗೆ ಮಾತ್ರ ಈ ಪರೀಕ್ಷೆ ಬೇಡ. ಅವುಗಳ ಗಾಯನದಲ್ಲಿ ಅಷ್ಟು ಮೇಲಿನ ಧ್ವನಿ ಮೊದಲೇ ಸಿಕ್ಕಿರುವುದಿಲ್ಲ.